ಇನ್ನೊಬ್ಬರ ಅಭಿರುಚಿಗೆ ಕಾಮೆಂಟ್ ಬರೆಯುವ ಮುನ್ನ

ಕಾಸರಗೋಡಿನ ಯಕ್ಷಗಾನಾಸಕ್ತರ ವಾಟ್ಸಾಪ್ ಬಳಗದಲ್ಲಿ ಯಾರಾದರೂ ಹಾಸ್ಯದ ತುಣುಕೊಂದನ್ನು ಹಂಚಿದಾಗ ‘ಇದೂ ಒಂದು ಕಲೆಯೇ?’ ಎಂದು ಬರೆಯಲು ಕೈ ಮುಂದಾದರೆ, ಆ ತಿರಸ್ಕಾರ ಪ್ರದರ್ಶನದ ಮೇಲಿನದೋ ಅದನ್ನು ಮೆಚ್ಚಿದವರ ಮೇಲಿನದೋ ಎಂದು ಮೊದಲು ಪರೀಕ್ಷಿಸಿಕೊಳ್ಳಿ. ಮನೆ, ಶಾಲೆಗಳಲ್ಲಿ ರೂಢಿಯಾದ ಅಭಿರುಚಿಯೇ ವರ್ಗದ ಗುರುತಾಗುತ್ತದೆಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ 1979ರಲ್ಲೇ ವಿವರಿಸಿದ್ದರು. ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ಅರ್ಥಗಾರಿಕೆಯನ್ನು (ಪಾತ್ರಗಳ ಆಶು ಮಾತುಗಾರಿಕೆಯನ್ನು) ಸವಿಯಲು ಪುರಾಣದ ಪರಿಚಯ ಬೇಕು. ಅದು ಎಲ್ಲರಿಗೂ ಮನೆಯ ಜಗಲಿಯಲ್ಲೇ ದೊರೆತಿರುವುದಿಲ್ಲ.

ಟೀಕಿಸುವುದಾದರೆ ‘ಕೀಳು ಅಭಿರುಚಿ’ ಎನ್ನದೆ, ಚೆಂಡೆಯ ಅಬ್ಬರದಲ್ಲಿ ಭಾಗವತರ (ಹಾಡುಗಾರರ) ಪದ ಕೇಳಿಸಲಿಲ್ಲವೆಂದೋ ಮಾತು ಪಾತ್ರಕ್ಕೆ ಹೊಂದಲಿಲ್ಲವೆಂದೋ ನಿರ್ದಿಷ್ಟವಾಗಿ ಬರೆಯಿರಿ. ಕಾಗುಣಿತದ ತಪ್ಪನ್ನು ಎತ್ತಿ ಆಡಬೇಡಿ (ನನ್ನ ಮಟ್ಟಿಗೆ ಇದೇ ಅತ್ಯಂತ ಒರಟು ನಡವಳಿಕೆ). ಮಲಯಾಳ ಮಾಧ್ಯಮದಲ್ಲಿ ಓದಿದವರೂ ಇಲ್ಲಿ ಕನ್ನಡದಲ್ಲಿ ಬರೆಯುತ್ತಾರೆ. ಲೈಕುಗಳ ಸಂಖ್ಯೆಯನ್ನು ಗುಣಕ್ಕಾಗಲಿ ಕೊರತೆಗಾಗಲಿ ಸಾಕ್ಷಿಯಾಗಿ ತರಬೇಡಿ.