ತಟ್ಟೆಯಲ್ಲಿ ಬಿಟ್ರೆ ದಂಡ: ಕೂರೋ ಮುಂಚೆ ಕೇಳಿಕೊಳ್ರಿ

ಮೊನ್ನೆ ಗಂಗಾವತಿಯ ಬಫೆ ಹೋಟೆಲೊಂದರಲ್ಲಿ ನಮ್ಮ ಬಿಲ್ಲಿಗೆ 100 ರೂಪಾಯಿ ಹೆಚ್ಚಿಗೆ ಬಿತ್ತು. ಮಗ ತಟ್ಟೆಯಲ್ಲಿ ಅರ್ಧ ರೊಟ್ಟಿ, ಒಂದು ಹಿಡಿ ಪಲಾವ್ ಬಿಟ್ಟಿದ್ದ. ‘ಬೋರ್ಡ್ ಹಾಕೀವಲ್ರೀ’ ಅಂದರು. ಬೋರ್ಡ್ ಇದ್ದದ್ದು ಕೈ ತೊಳೆಯೋ ಜಾಗದ ಹತ್ತಿರ, ಉಂಡ ಮೇಲೆ ಕಾಣೋ ಹಂಗ!

ಅನ್ನ ಚೆಲ್ಲಬಾರದು, ಅದು ನನಗೂ ಒಪ್ಪಿಗೆ. ತುಂಗಭದ್ರಾ ಕಾಲುವೆ ನೀರಿಗೆ ರೈತರು ಕಾಯೋದನ್ನ ನೋಡಿ ಬೆಳೆದವರು ನಾವು. ಆದರೆ ಮೊದಲೇ ಹೇಳದೆ ದುಡ್ಡು ಹಾಕೋದು ತಪ್ಪು.

ಹಂಗಾಗಿ ಕೂರೋ ಮುಂಚೆನೇ ‘ಉಳಿಸಿದ್ರೆ ಚಾರ್ಜ್ ಐತೇನ್ರಿ, ಎಷ್ಟು?’ ಅಂತ ಕೇಳ್ರಿ. ಮಕ್ಕಳ ತಟ್ಟೆಗೆ ನೀವೇ ಒಂದೊಂದೇ ಚಮಚ ಬಡಿಸ್ರಿ. ಬಫೆ ಅಲ್ಲದಿದ್ದರೆ ಉಳಿದದ್ದು ಪಾರ್ಸಲ್ ಕಟ್ಟಿಸಿಕೊಳ್ರಿ. ಹೇಳದೆ ಹಾಕಿದ್ರೆ ಬಿಲ್ ಜೋಪಾನ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ರಿ. ಕನ್ನಡದಾಗೇ ಮಾತಾಡಬಹುದು.