ವಾಂತಿ ಚೀಲದ ವಯಸ್ಸು ಅಡಿಮಡಿಕೆಯಲ್ಲಿ

ವಿಮಾನದ ವಾಂತಿ ಚೀಲ ಸಂಗ್ರಹಿಸುವುದು ನನ್ನ ಹವ್ಯಾಸ. ಒಂದು ಚೀಲ ಕೈಗೆ ಬಂದೊಡನೆ ನಾನು ತಿರುಗಿಸಿ ಅದರ ಅಡಿಮಡಿಕೆ ನೋಡುತ್ತೇನೆ, ಲಾಂಛನ ಆಮೇಲೆ. ಮುದ್ರಕರ ಹೆಸರು, ಒಂದು ಸಂಕೇತ ಸಂಖ್ಯೆ, ಅದೃಷ್ಟವಿದ್ದರೆ ‘05/98’ ಎಂಬಂಥ ತಿಂಗಳು-ವರ್ಷ ಅಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಅಲ್ಲಿಲ್ಲದಿದ್ದರೆ ಹಿಂಬದಿಯ ಅಂಟುಪಟ್ಟಿಯ ಬಳಿ, ಇಲ್ಲವೇ ಪಕ್ಕದ ಒಳಮಡಿಕೆಯಲ್ಲಿ ಹುಡುಕಬೇಕು. ಹಳೆಯ ಕಾಗದದ ಮಡಿಕೆಯನ್ನು ಪೂರ್ತಿ ಬಿಡಿಸಲು ಹೋದರೆ ಗೆರೆಗುಂಟ ಸೀಳುತ್ತದೆ. ಅರ್ಧ ತೆರೆದು ಟಾರ್ಚ್ ಹಿಡಿದರೆ ಸಾಕು.

ಚೀಲ ಸಿಕ್ಕ ಪ್ರಯಾಣದ ದಿನಾಂಕವನ್ನೂ ಬರೆದಿಡುತ್ತೇನೆ. ಆದರೆ ಅದು ಚೀಲದ ಹುಟ್ಟಿದ ದಿನವಲ್ಲ, ‘ಅಷ್ಟು ಹೊತ್ತಿಗೆ ಇದು ಚಾಲ್ತಿಯಲ್ಲಿತ್ತು’ ಎಂಬುದಕ್ಕೆ ಸಾಕ್ಷಿ, ಅಷ್ಟೇ. ಯಾರಿಗೂ ಹೊಟ್ಟೆ ತೊಳಸದಿದ್ದರೆ ಚೀಲ ಸೀಟಿನ ಜೇಬಿನಲ್ಲೇ ಕೂತಿರುತ್ತದೆ. ಲಾಂಛನ ಬದಲಾದ ಮೇಲೂ ಗೋದಾಮಿನ ಹಳೇ ದಾಸ್ತಾನು ಖರ್ಚಾಗಬೇಕಲ್ಲ! ಹಾಗಾಗಿ ಒಂದೇ ವಿಮಾನದಲ್ಲಿ ಎರಡು ವಿನ್ಯಾಸ ಸಿಗುವುದುಂಟು. ಅಕ್ಕಪಕ್ಕದ ಖಾಲಿ ಸೀಟುಗಳ ಜೇಬನ್ನೂ ನೋಡಿ. ತೆಗೆದುಕೊಂಡರೆ ಗಗನಸಖಿಗೆ ತಿಳಿಸಿ, ಮುಂದೆ ಕೂರುವವರಿಗೆ ಚೀಲ ಬೇಕಾದೀತು.

ದಿನಾಂಕವೇ ಇಲ್ಲದ ಚೀಲಕ್ಕೆ ಎರಡು ತುದಿಗಳಿಂದ ಗಡಿ ಹಾಕುತ್ತೇನೆ: ಇದಕ್ಕಿಂತ ಹಿಂದಿನದಲ್ಲ, ಇದಕ್ಕಿಂತ ಈಚಿನದಲ್ಲ ಎಂದು. ಪ್ಲಾಸ್ಟಿಕ್ ಒಳಪದರದ ಚೀಲ 1949ರಲ್ಲಿ ಅಮೆರಿಕದ ಸಂಶೋಧಕ ಗಿಲ್ಮೋರ್ ಶೆಲ್‌ಡಾಲ್ ನಾರ್ತ್‌ವೆಸ್ಟ್ ಓರಿಯಂಟ್ ಏರ್‌ಲೈನ್ಸ್‌ಗಾಗಿ ರೂಪಿಸಿದ್ದು. ಪ್ಲಾಸ್ಟಿಕ್ ಯಾವ ಬಗೆಯದೆಂದು ತಿಳಿಸುವ, ತ್ರಿಕೋನದೊಳಗೆ ಅಂಕಿಯಿರುವ ಗುರುತು 1988ರಲ್ಲಿ ಬಂತು. ವೆಬ್ ವಿಳಾಸ ಅಚ್ಚಾಗಿದ್ದರೆ 1990ರ ದಶಕದ ನಡುವಿನಿಂದ ಈಚೆಗೆ. ಫಿಲ್ಮ್ ರೋಲ್ ತೊಳೆಯಲು ಕಳುಹಿಸುವ ಲಕೋಟೆಯಾಗಿಯೂ ಬಳಸಬಹುದಾದ ಚೀಲಗಳು ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಮರೆಯಾದವು. ನನ್ನ ಮಟ್ಟಿಗೆ ಇಡೀ ಸಂಗ್ರಹದ ಸೊಗಸು ಅವೇ. ವಿಮಾನ ಸಂಸ್ಥೆ ಮುಚ್ಚಿದ ದಿನ ಇನ್ನೊಂದು ತುದಿಯ ಗಡಿ, ಆದರೆ ಅಲ್ಲೂ ಎಚ್ಚರ ಬೇಕು. ಅಮೆರಿಕದ ಪ್ಯಾನ್ ಆಮ್ ಸಂಸ್ಥೆ 1991ರ ಡಿಸೆಂಬರ್ 4ರಂದು ನಿಂತಿತು. ಹೆಸರನ್ನು ಕೊಂಡ ಬೇರೆಯವರು 1996ರಲ್ಲಿ ಮತ್ತೆ ಹಾರಿಸಿದರು. ಅದರ ಲಾಂಛನವಾದ ನೀಲಿ ಗೋಳ ಕಂಡ ಕೂಡಲೇ ಹಳೆಯದೆಂದು ಹಿಗ್ಗಬೇಡಿ.

ಚೀಲ ಕೆಡಿಸುವುದರಲ್ಲಿ ಮೊದಲ ಸ್ಥಾನ ಬಾಯಿ ಕಟ್ಟುವ ತಂತಿಪಟ್ಟಿಗೆ. ತುಕ್ಕು ಹಿಡಿದು ಮುಂಭಾಗಕ್ಕೇ ಕಂದು ಗೆರೆ ಮೂಡಿಸುತ್ತದೆ. ಕಿತ್ತರೆ ಚೀಲ ಅಪೂರ್ಣ. ಅದಕ್ಕೇ ಪಟ್ಟಿಯ ಕೆಳಗೆ ಆಮ್ಲರಹಿತ ಕಾಗದದ ತುಂಡು ತೂರಿಸುತ್ತೇನೆ. ಎರಡನೆಯದು ಚೀಲ ಹಾಕಿಡುವ ಪಿವಿಸಿ ಪ್ಲಾಸ್ಟಿಕ್ ಕವರ್: ಅದನ್ನು ಮೆತ್ತಗಾಗಿಸಲು ಸೇರಿಸಿದ ರಾಸಾಯನಿಕ ಹೊರಬಂದು ಮಸಿಯನ್ನು ಕವರ್‌ಗೆ ಅಂಟಿಸುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರನ್ನೇ ಕೊಳ್ಳಿ. ಸುಕ್ಕು ತೆಗೆಯಲು ಇಸ್ತ್ರಿ ಖಂಡಿತ ಬೇಡ. ಒಳಗಿನ ಪಾಲಿಥೀನ್ ಸುಮಾರು 110 ಡಿಗ್ರಿ ಸೆಲ್ಸಿಯಸ್‌ಗೇ ಕರಗಿ ಎರಡೂ ಗೋಡೆಗಳು ಅಂಟಿಕೊಳ್ಳುತ್ತವೆ. ದಪ್ಪ ಪುಸ್ತಕಗಳ ಕೆಳಗೆ ಒಂದು ವಾರ ಇಟ್ಟರೆ ಆಯಿತು.

ಸ್ಕ್ಯಾನ್ ಮಾಡುವಾಗ ಕಾಗದ ತೆಳುವಾದ್ದರಿಂದ ಹಿಂಬದಿಯ ಅಚ್ಚು ಇಣುಕುತ್ತದೆ. ಚೀಲದೊಳಗೆ ಕಪ್ಪು ಹಾಳೆ ತೂರಿಸಿದರೆ ಅದು ನಿಲ್ಲುತ್ತದೆ. ಮುಂದೆ, ಹಿಂದೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಸಾಕು. ಅಡಿಮಡಿಕೆಗೆ ಮಾತ್ರ 600.

ಬೋಳು ಬಿಳಿ ಚೀಲಗಳನ್ನು ಎಸೆಯಬೇಡಿ, ಅಚ್ಚಿನ ಖರ್ಚನ್ನು ಸಂಸ್ಥೆ ಯಾವಾಗ ಕೈಬಿಟ್ಟಿತೆಂದು ಹೇಳುವುದು ಅವೇ. ಸಂಸ್ಥೆ, ಮಾರ್ಗ, ವಿಮಾನದ ಮಾದರಿ, ದಿನಾಂಕವನ್ನು ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಅದೇ ಕವರ್‌ನಲ್ಲಿಡಿ. ಚೀಟಿ ಕಳೆದರೆ ಅದು ಬರೀ ಚೀಲ.