ಲೆಟ್ಯೂಸ್ ಬೀಜಕ್ಕೆ ದಸರಾ ಕಳೆಯಲಿ

ಮೊದಲ ಸಲ ನಾನು ಲೆಟ್ಯೂಸ್ ಬಿತ್ತಿದ್ದು ಯುಗಾದಿಯ ಆಸುಪಾಸಿನಲ್ಲಿ. ಬೆಂಗಳೂರಿನ ನಮ್ಮ ತಾರಸಿಯ ಕುಂಡಗಳಲ್ಲಿ ಕೊತ್ತಂಬರಿ ಹಾಕಿದಂತೆಯೇ ಬೀಜ ಚೆಲ್ಲಿ, ಮೇಲೆ ದಪ್ಪಗೆ ಮಣ್ಣು ಮುಚ್ಚಿದೆ. ಹದಿನೈದು ದಿನ ನೀರುಣಿಸಿದರೂ ಮೊಳೆತದ್ದು ಆರೇ ಆರು. ಅವೂ ಅಂಗೈಯಗಲ ಎಲೆ ಬಿಡುವ ಮೊದಲೇ ನಡುವಿನಿಂದ ದಂಟು ಎಬ್ಬಿಸಿದವು. ಮುರಿದಲ್ಲಿ ಬಿಳಿ ಹಾಲು ಒಸರಿತು. ಎಲೆ ಬಾಯಿಗಿಡಲಾಗದಷ್ಟು ಕಹಿ.

ಬೀಜದಲ್ಲಿ ದೋಷವಿರಲಿಲ್ಲ, ತಪ್ಪಿದ್ದು ಹೊತ್ತು. ಲೆಟ್ಯೂಸ್ 15ರಿಂದ 20 ಡಿಗ್ರಿಯಲ್ಲಿ ಚೆನ್ನಾಗಿ ಮೊಳೆಯುತ್ತದೆ. ಮಣ್ಣಿನ ಬಿಸಿ 30 ಡಿಗ್ರಿಯ ಹತ್ತಿರ ಹೋದರೆ ಹೆಚ್ಚಿನ ತಳಿಗಳ ಬೀಜ ಸಾಯದೆಯೇ ನಿದ್ದೆಗೆ ಜಾರುತ್ತದೆ. ಸಾಲದ್ದಕ್ಕೆ ಅದಕ್ಕೆ ಬೆಳಕೂ ಬೇಕು. ಆಳದಲ್ಲಿ ಹೂತರೆ ಏಳುವುದಿಲ್ಲ.

ಈಗ ನಾನು ದಸರಾ ಕಳೆದು ಮಳೆ ಹಿಂದೆ ಸರಿದ ಮೇಲೆಯೇ ಬೀಜದ ಪೊಟ್ಟಣ ಬಿಚ್ಚುವುದು. ಅಲ್ಲಿಂದ ಹದಿನೈದು ದಿನಕ್ಕೊಮ್ಮೆ ಒಂದೊಂದು ಕುಂಡ. ಬಿಡಿ ಎಲೆಯ ತಳಿಗೆ 45ರಿಂದ 55 ದಿನ ಸಾಕು, ಹಾಗಾಗಿ ಜನವರಿಯ ಮೊದಲ ವಾರದ ತನಕ ಬಿತ್ತಬಹುದು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಡುವಷ್ಟರಲ್ಲಿ ಕೊಯ್ಲು ಮುಗಿದಿರುತ್ತದೆ. ಗಡ್ಡೆ ಕಟ್ಟುವ ಐಸ್‌ಬರ್ಗ್ ಎರಡೂವರೆ ತಿಂಗಳು ತಂಪು ಬೇಡುತ್ತದೆ. ತಾರಸಿಗೆ ಅದು ಬೇಡ ಎಂದೇ ನನ್ನ ಸಲಹೆ.

ಎಳೆ ಎಲೆ ಕತ್ತರಿಸಿ ತಿನ್ನುವವರು ನೇರವಾಗಿ ಬಿತ್ತಿ. ಬೀಜ ಎಳ್ಳಿಗಿಂತ ಹಗುರ. ಒಣ ಮರಳಿನಲ್ಲಿ ಬೆರೆಸಿದರೆ ಕೈ ಹದಕ್ಕೆ ಬರುತ್ತದೆ. ಕಡ್ಡಿಯಿಂದ ಗೀಟು ಎಳೆದು ಉದುರಿಸಿ, ಅಂಗೈಯಿಂದ ಒತ್ತಿ, ಮೇಲೆ ಜರಡಿ ಹಿಡಿದ ಎರೆಗೊಬ್ಬರವನ್ನು ತೆಳ್ಳಗೆ ಉದುರಿಸಿ. ಸಸಿಗಳು ಒತ್ತೊತ್ತಾದಾಗ ಕಿತ್ತು ತೆಳುವಾಗಿಸಿ, ಕಿತ್ತದ್ದು ಕೋಸಂಬರಿಗಾಗುತ್ತದೆ. ತಾಯಿಬೇರು ಅಲುಗದ ಗಿಡ ಆಳಕ್ಕಿಳಿಯುತ್ತದೆ, ಒಂದು ದಿನ ನೀರು ತಪ್ಪಿದರೂ ತಾಳುತ್ತದೆ.

ತುಂಬಿಕೊಂಡ ದೊಡ್ಡ ಗಿಡ ಬೇಕಾದರೆ ಪ್ರೋಟ್ರೇಯಲ್ಲಿ (ಗುಳಿಗೊಂದು ಸಸಿ ಎಬ್ಬಿಸುವ ತಟ್ಟೆ) ಸಸಿ ಮಾಡಿ ನಾಟಿ ಮಾಡಿ. ಸೆಪ್ಟೆಂಬರಿನಲ್ಲೇ ಶುರು ಮಾಡುವ ಆತುರವಿದ್ದವರಿಗೂ ಇದೇ ದಾರಿ: ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೀಜವನ್ನು ಎರಡು ದಿನ ಫ್ರಿಜ್ಜಿನ ಕೆಳತಟ್ಟೆಯಲ್ಲಿಟ್ಟು, ಆಮೇಲೆ ತೆಂಗಿನ ನಾರಿನ ಪುಡಿಗೆ ಹಾಕಿ, ಬೆಳಕಿರುವ ತಂಪು ಕಿಟಕಿಯ ಬಳಿ ಇಡಿ. ಮೊಳಕೆ ಕಂಡ ದಿನವೇ ಎಳೆಬಿಸಿಲಿಗೆ ತನ್ನಿ, ಇಲ್ಲವಾದರೆ ಸಸಿ ಸೊರಗಿ ನೀಳವಾಗುತ್ತದೆ.

ಮೂರು ನಾಲ್ಕು ವಾರಕ್ಕೆ ನಾಲ್ಕೈದು ಎಲೆ ಬಂದಾಗ, ಸಂಜೆ ಹೊತ್ತಿನಲ್ಲಿ ಗೇಣಿಗೊಂದರಂತೆ ನೆಡಿ. ಇಲ್ಲಿ ಅವಸರ ಸಲ್ಲದು. ಎಲೆಗಳು ಹುಟ್ಟುವ ನಡುಗಣ್ಣು ಮಣ್ಣಿನಿಂದ ತುಸು ಮೇಲೇ ಇರಬೇಕು. ಅದು ಹೂತುಹೋದರೆ ನೀರು ನಿಂತು ಬುಡ ಕೊಳೆಯುತ್ತದೆ. ನಾನು ಬೇರಿನ ಮುದ್ದೆಯನ್ನು ಮಣ್ಣಿನ ಮಟ್ಟಕ್ಕೆ ಕೂರಿಸಿ, ಎರಡು ಬೆರಳಿನಿಂದ ಸುತ್ತ ಒತ್ತಿ, ಎಲೆಗೆ ತಾಗದಂತೆ ನೀರು ಬಿಡುತ್ತೇನೆ. ಟ್ರೇಯಲ್ಲೇ ಒಂದೂವರೆ ತಿಂಗಳು ಉಳಿದ ಸಸಿಯನ್ನು ನೆಡಬೇಡಿ. ಬೇರು ಸುತ್ತಿಕೊಂಡ ಅಂಥ ಗಿಡ ಬೇಗ ಹೂದಂಟು ಬಿಡುತ್ತದೆ.

ಕೊಯ್ಲು ಬೆಳಗ್ಗೆ ಬಿಸಿಲು ಏರುವ ಮುನ್ನ. ಹೊರಗಿನ ನಾಲ್ಕೈದು ಎಲೆ ಮಾತ್ರ ತೆಗೆದು ನಡುಗಣ್ಣು ಬಿಟ್ಟರೆ, ವಾರದಲ್ಲಿ ಮತ್ತೊಂದು ಹಿಡಿ ಸಿಗುತ್ತದೆ.